ಬೈತಲೆಯ ಬಿಳಿ

ನನ್ನ ಸೋದರತ್ತೆಯ ಬೈತಲೆ ಇಂದಿಗೂ ಕಣ್ಣಿಗೆ ಕಟ್ಟಿದಂತಿದೆ. ಎರಡೂ ಕಡೆ ಕಾಡಿಗೆಯಂಥ ಕಪ್ಪು, ನಡುವೆ ಬುಡದಲ್ಲಿ ಬೆರಳಗಲ ಬೆಳ್ಳಗೆ. ಸೆರಗನ್ನು ಹಣೆಯವರೆಗೂ ಎಳೆದುಕೊಂಡಿರುತ್ತಿದ್ದಳು. ಗಾಳಿ ಬೀಸಿದರೆ ಕೈ ತಾನಾಗಿ ತಲೆಗೆ ಹೋಗುತ್ತಿತ್ತು. ಆಗ ಅವಳಿಗೆ ಇಪ್ಪತ್ತೂ ತುಂಬಿರಲಿಲ್ಲ.

ಅವಳು ನನ್ನಪ್ಪನ ಕೊನೆಯ ತಂಗಿ. ನ್ಯಾಮತಿಯ ನಮ್ಮ ಮನೆಯಲ್ಲಿ, ಮೈನೆರೆದ ವರ್ಷವೇ ವಿಷಮಶೀತ ಜ್ವರ ಬಂದು ಕೂದಲೆಲ್ಲ ಉದುರಿತಂತೆ. ಮತ್ತೆ ಹುಟ್ಟಿದ್ದು ಬಿಳಿಯದೇ. ಹೆಣ್ಣಿಗೆ ಮದುವೆಯಾಗಬೇಕಲ್ಲ, ಅಜ್ಜಿ ಗೋರಂಟಿ ಸೊಪ್ಪು ಅರೆದು, ಅಳಲೆಕಾಯಿ ಪುಡಿ ಬೆರೆಸಿ, ಕಬ್ಬಿಣದ ಬಾಣಲೆಯಲ್ಲಿ ನೆನೆಸಿ ಹಚ್ಚುತ್ತಿದ್ದಳು. ಅದರ ಮೇಲೆ ನೀಲಿ ಸೊಪ್ಪಿನ ಲೇಪ. ಕೆಲವೇ ವಾರಗಳಲ್ಲಿ ಬಣ್ಣ ಇಳಿಯುತ್ತಿತ್ತು, ಮತ್ತೆ ಹಚ್ಚಬೇಕು. ಹಾಗೆ ಮುಚ್ಚಿಟ್ಟೇ ಜಗಳೂರಿನ ಕಡೆ ಕೊಟ್ಟರು.

ಆ ಊರಿನಲ್ಲಿ ಕುಡಿಯುವ ನೀರಿಗೇ ಹೆಂಗಸರು ದೂರ ನಡೆಯಬೇಕು. ಗೋರಂಟಿ ಅರೆಯುವುದಕ್ಕೆ, ತಲೆ ತೊಳೆಯುವುದಕ್ಕೆ ನೀರೆಲ್ಲಿ, ಮರೆಯೆಲ್ಲಿ? ಒಂದು ಬೇಸಿಗೆ ಕಳೆಯುವುದರೊಳಗೆ ಗಂಡನ ತಾಯಿ ಅವಳನ್ನು ಕರೆತಂದು, ನಮ್ಮ ಜಗುಲಿಯ ಮೇಲೆ ಕೂರಿಸಿ, ಓಣಿಯವರ ಎದುರಿಗೇ ಸೆರಗು ಸರಿಸಿ ತೋರಿಸಿದರು.

"ವಯಸ್ಸು ಮುಚ್ಚಿ ಮುದುಕೀನ ಗಂಟು ಹಾಕೀರಿ. ನಿಮ್ಮ ಮಗಳನ್ನ ನೀವೇ ಇಟ್ಕಳ್ರಿ."

"ಜ್ವರ ಬಂದು ಹಂಗಾಗೈತ್ರೀ, ವಯಸ್ಸಾಗಿಲ್ಲ" ಎಂದು ಅಜ್ಜಿ ಕಾಲು ಹಿಡಿದಳು. ಆಕೆ ನಿಲ್ಲಲಿಲ್ಲ.

ಸ್ವಲ್ಪ ಕಾಲದ ಮೇಲೆ ಅಪ್ಪ ದಾವಣಗೆರೆಯಿಂದ ಒಂದು ಸೀಸೆ ತಂದ. "ಇದು ತೊಳೆದರೂ ಹೋಗಾಕಿಲ್ಲಂತೆ. ಹಚ್ಕ, ನಾನೇ ಬಿಟ್ಟು ಬರ್ತೀನಿ." ಹಚ್ಚಿದ ಸಂಜೆಗೇ ನೆತ್ತಿ ಉರಿಯತೊಡಗಿತು. ಬೆಳಗಾಗುವಷ್ಟರಲ್ಲಿ ಮುಖ ಊದಿ ಕಣ್ಣು ಮುಚ್ಚಿಹೋಗಿದ್ದವು, ಕಿವಿಯ ಹಿಂದೆ ಚರ್ಮ ಒಡೆದು ನೀರು ಸೋರುತ್ತಿತ್ತು. ಆ ಸಂಕಟದಲ್ಲೂ ಅವಳು ಕೇಳಿದ್ದು ಒಂದೇ: "ಅವ್ವಾ, ಕರ್ರಗೆ ಆಗೈತಾ?"

ಆಗಿತ್ತು. ಊತ ಇಳಿದ ಮೇಲೆ ಅಪ್ಪ ಅವಳನ್ನು ಬಸ್ಸಿನಲ್ಲಿ ಕರೆದೊಯ್ದ. ಮರುದಿನವೇ ಇಬ್ಬರೂ ಹಿಂತಿರುಗಿದರು. ಅಲ್ಲಿ ಬಾಗಿಲು ತೆರೆದವಳು ಗಂಡನ ಹೊಸ ಹೆಂಡತಿ.

"ಕೂತ್ಕಳ್ರಿ, ನೀರು ಕುಡೀರಿ ಅಂದ್ಲು. ಒಳ್ಳೇ ಹುಡುಗಿ." ಅತ್ತೆ ಹೇಳಿದ್ದು ಅಷ್ಟೇ.

ಮತ್ತೆ ಅವಳು ತಲೆಗೆ ಏನನ್ನೂ ಹಚ್ಚಲಿಲ್ಲ. ಬಿಳಿ ಬೆಳೆಯುತ್ತಾ ಕಪ್ಪು ಕೆಳಗಿಳಿಯಿತು, ಬಾವಿಕಟ್ಟೆಯಲ್ಲಿ ಹೆಂಗಸರು ನಕ್ಕರು. ಅವಳು ಕೊಡ ತುಂಬಿಕೊಂಡು ಬರುತ್ತಿದ್ದಳು. ನನಗೆ ದಿನವೂ ಹೆರಳು ಹಾಕುತ್ತಿದ್ದವಳೂ ಅವಳೇ. ಸಿಕ್ಕನ್ನು ಬಾಚಣಿಗೆಯಿಂದ ಎಳೆಯದೆ ಬೆರಳಿನಿಂದಲೇ ಬಿಡಿಸುತ್ತಿದ್ದಳು.

ನಾನು ಮದುವೆಯ ವಯಸ್ಸಿಗೆ ಬರುವ ಹೊತ್ತಿಗೆ ಎರಡನೇ ಮಹಾಯುದ್ಧ ಮುಗಿದಿತ್ತು, ಅಜ್ಜಿ ತೀರಿಕೊಂಡಿದ್ದಳು. ನನ್ನ ಕಿವಿಯ ಮೇಲೂ ಬಿಳಿ ಎಳೆಗಳು ಕಾಣಿಸಿಕೊಂಡವು. ತ್ಯಾವಣಿಗೆಯಿಂದ ಹೆಣ್ಣು ನೋಡಲು ಬರುವವರಿದ್ದರು. ನನ್ನವ್ವ ಗೋರಂಟಿ ಕಲಸಿಟ್ಟಳು. ಅತ್ತೆ ಬಾಣಲೆ ಎತ್ತಿಕೊಂಡು ಹೋಗಿ ತಿಪ್ಪೆಗೆ ಸುರಿದು ಬಂದಳು.

"ಇದ್ದದ್ದು ಇದ್ದಂಗೆ ತೋರಿಸ್ರಿ ಅತ್ತಿಗೆ. ಈ ಕೂಸಿನ್ನ ದಿನಾ ಹೆದರ್ಕಂಡು ಬಾಳಾಕೆ ಕಳಿಸಬ್ಯಾಡ್ರಿ."

ಬಂದವರು ನನ್ನ ತಲೆ ನೋಡಿದರು, ಉಪ್ಪಿಟ್ಟು ತಿಂದು ಹೋದರು. ಮತ್ತೆ ಸುದ್ದಿಯಿಲ್ಲ. "ನಿನ್ನ ಬಾಳಂತೂ ಹಾಳಾತು, ಇದರದ್ದೂ ಹಾಳು ಮಾಡಿದೆ" ಎಂದು ಅವ್ವ ಅತ್ತಳು. ಅತ್ತೆ ಆ ದಿನ ಊಟಕ್ಕೆ ಬರಲಿಲ್ಲ. ನನಗೂ ಅವಳ ಮೇಲೆ ಸಿಟ್ಟಿತ್ತು.

ಮರುವರ್ಷ ಹೊನ್ನಾಳಿಯವರು ಬಂದರು. ಅತ್ತೆ ಒಳಬಾಗಿಲಲ್ಲಿ ನಿಂತು ನೇರ ಹುಡುಗನಿಗೇ ಹೇಳಿದಳು: "ಇದು ಇನ್ನೂ ಹೆಚ್ಚಾಗತೈತ್ರಿ. ಆಮೇಲೆ ಮಾತು ಬರಬಾರದು."

ಮುಂದೆ ನನ್ನ ಗಂಡನಾದ ಅವರು ಅವಳ ನೆರೆತ ತಲೆಯನ್ನೊಮ್ಮೆ ನೋಡಿ, "ನೆರೀಲಿ ಬಿಡ್ರೀ. ನಾಳೆ ನನ್ನವೂ ನೆರೀತಾವು" ಎಂದರು.

ಅತ್ತೆ ಒಳಗೆ ಹೋಗಿ ಒಲೆಯ ಮುಂದೆ ಕೂತು ಅತ್ತಳು. ಅವಳು ಅತ್ತದ್ದನ್ನು ನಾನು ಕಂಡದ್ದು ಅದೊಂದೇ ಸಲ.

ನನ್ನ ಮದುವೆಯಾಗಿ ವರ್ಷ ತುಂಬುವ ಮೊದಲೇ ಅತ್ತೆಗೆ ಮತ್ತೆ ಜ್ವರ ಬಂತು. ಈ ಸಲ ಏಳಲಿಲ್ಲ. ಜಗಳೂರಿಗೆ ಹೇಳಿ ಕಳಿಸಿದೆವು, ಯಾರೂ ಬರಲಿಲ್ಲ. ಹೊತ್ತು ಇಳಿಯುತ್ತಿತ್ತು, ಇನ್ನು ಕಾಯುವ ಹಾಗಿರಲಿಲ್ಲ. ಅಪ್ಪನ ಜೊತೆ ಚಟ್ಟಕ್ಕೆ ಮುಂದಿನ ಹೆಗಲು ಕೊಟ್ಟವರು ನನ್ನ ಗಂಡ.