ಹೊಳೆಯಾಚೆಯ ಸಂಬಂಧ

“ಹೊಳಿ ಆಚಿಗೆ ನನ್ ಮಗಳನ್ನ ಕೊಡ್ತಿಲ್ಲೆ. ಅದೆಲ್ಲ ದೂರದ ಸಂಬಂಧ!”

ಹೀಗೆ ಗುಡುಗಿದವರು ನನ್ನ ಅಕ್ಕನ ಗಂಡ, ಕುಂದಾಪುರದ ಭಾವ. ದೂರ ಅಂದರೆ ಯಾವ ದೇಶ ಅಂದುಕೊಂಡಿರಿ? ಗಂಗೊಳ್ಳಿ! ಅವರ ಮನೆಯ ಟೆರೇಸ್ ಹತ್ತಿದರೆ ಎದುರಿಗೇ ಕಾಣುತ್ತದೆ. ನಡುವೆ ಹೊಳೆ, ಅಷ್ಟೆ. ದೋಣಿ ಹತ್ತಿ ಒಂದು ಎಲೆಯಡಿಕೆ ಜಗಿದು ಮುಗಿಸುವಷ್ಟರಲ್ಲಿ ಆ ದಡ. ಬಸ್ಸಾದರೆ ಹೆಮ್ಮಾಡಿ, ಮುಳ್ಳಿಕಟ್ಟೆ ಎಂದು ಊರೆಲ್ಲ ಸುತ್ತಬೇಕು.

ಹುಡುಗ ಅಲ್ಲಿನ ಐಸ್ ಪ್ಲಾಂಟಿನಲ್ಲಿ ಮ್ಯಾನೇಜರ್. ಅಕ್ಕನ ಮಗಳು ಸುಜಾತ ಅವನನ್ನೇ ಒಪ್ಪಿದ್ದಳು. ಬೇರೆ ಯಾರೂ ಬೇಡವೆಂದು ಹಟ. ಕೊನೆಗೆ ಅಕ್ಕನ ಕಾಟ ತಾಳಲಾರದೆ ಭಾವ ಒಂದು ಭಾನುವಾರ ಹುಡುಗನ ಮನೆ ನೋಡಲು ಹೊರಟರು. ಜೊತೆಗೆ ನಾನು.

ಹೊರಡುವಾಗ ಸುಜಾತ ನನ್ನ ಕಿವಿಯ ಹತ್ತಿರ ಬಂದು, “ಮಾವ, ನಮ್ ಟೆರೇಸಿನ್ ಮೇಲೆ ಕೆಂಪು ಕಂಬ್ಳಿ ಹಾಕಿರ್ತೆ. ಅಪ್ಪಯ್ಯಂಗೆ ಅಲ್ಲಿಂದ ತೋರ್ಸಿ” ಎಂದಳು.

ದೋಣಿ ಹತ್ತಲು ಭಾವ ಸುತರಾಂ ಒಪ್ಪಲಿಲ್ಲ. ಬಾಡಿಗೆ ಓಮ್ನಿಯಲ್ಲಿ ಸುತ್ತುಹಾಕಿ ಹೋದೆವು. (ನಾನು ಕೂತಲ್ಲಿ ಕೂರುವ ಪೈಕಿ ಅಲ್ಲ. ದಾರಿಯುದ್ದಕ್ಕೂ ಚಡಪಡಿಕೆ.) ಸುಮ್ಮನಿರಲಾರದೆ ಚರಿತ್ರೆ ತೆಗೆದೆ.

“ಭಾವ, ಬಸ್ರೂರಿನ್ ಅಕ್ಕಿ ಬೇಕ್ ಅಂದೇಳಿ ಪೋರ್ಚುಗೀಸರ್ ಸಮುದ್ರ ದಾಟಿ ಬಂದ್ರ್. ಗಂಗೊಳ್ಳಿಯಗೆ ಕೋಟೆಯೂ ಕಟ್ರ್. ಅವ್ರಿಗೆ ದೂರ ಆಯ್ಲಿಲ್ಲೆ, ನಿಮಗೆ ಆತ್ತಾ?”

“ಅವ್ರೇನ್ ಮಳ್ಗಾಲ್ದಗೆ ಬಂದ್ರಾ ಮಾರಾಯ?” ಎಂದರು ಭಾವ.

ಆ ಒಂದು ಮಾತು ನನ್ನನ್ನು ಕೊರೆಯತೊಡಗಿತು. ಹೌದಲ್ಲ! ಘಟ್ಟ ನಮ್ಮ ಬೆನ್ನಿಗೇ ಇದೆ, ಸಮುದ್ರ ಕಾಲಬುಡದಲ್ಲಿ. ಘಟ್ಟಕ್ಕೆ ಬಿದ್ದ ಮಳೆ ಹೊಳೆಯಾಗಿ ಇಳಿದು ಗದ್ದೆಗೆ ನೀರಾಯಿತು, ಹಡಗಿಗೆ ಬಂದರಾಯಿತು. ಅಕ್ಕಿಯ ಆಸೆಗೆ, ಮೆಣಸಿನ ಆಸೆಗೆ ಹೊರಗಿನವರು ಬಂದರು, ಇಡೀ ದೇಶದ ಹಣೆಬರಹವೇ ಬದಲಾಯಿತು. ಇದೆಲ್ಲ ಶಾಲೆಯಲ್ಲಿ ಕಲಿತದ್ದೇ. ಆದರೆ ಅದೇ ಹೊಳೆ ಆಷಾಢದಲ್ಲಿ ಈ ದಡದ ತವರನ್ನೂ ಆ ದಡದ ಮಗಳನ್ನೂ ಬೇರೆ ಮಾಡುತ್ತಿತ್ತಲ್ಲ, ಅದನ್ನು ಯಾವ ಮೇಷ್ಟ್ರು ಹೇಳಿಕೊಟ್ಟರು?

ಹುಡುಗನ ಮನೆಯಲ್ಲಿ ಕಾಫಿ, ಗೋಳಿಬಜೆ ಬಂತು. ಭಾವ ಲೋಟ ಮುಟ್ಟಲಿಲ್ಲ. ನನಗೆ ತಡೆಯಲಾಗಲಿಲ್ಲ. ಅವರ ಕೈಹಿಡಿದು ಅಂಗಳದ ತುದಿಗೆ ಎಳೆದುಕೊಂಡು ಹೋದೆ. ನೀರಿನಾಚೆ, ತೆಂಗಿನ ಮರಗಳ ನಡುವೆ ಕೆಂಪಗೆ ಒಂದು ಚುಕ್ಕೆ.

“ಅಲ್ ಕಾಣಿ, ನಿಮ್ ಟೆರೇಸ್. ಸುಜಾತ ಕಂಬ್ಳಿ ಹಾಕಿತ್ತ್.”

ಭಾವ ಕೈಯನ್ನು ಹಣೆಗೆ ಅಡ್ಡ ಹಿಡಿದು ನೋಡಿದರು. ಆಮೇಲೆ ಮೆಲ್ಲಗೆ ಹೇಳಿದರು: “ನನ್ ಅಕ್ಕನ್ನ ಇದೇ ಊರಿಗೆ ಕೊಟ್ಟದ್ದ್. ಒಂದ್ ಆಷಾಢ ಅದಕ್ಕೆ ಜೋರ್ ಜ್ವರ. ಹೊಳಿ ತುಂಬಿ ದೋಣಿ ನಿಂತಿತ್ತ್. ಸುದ್ದಿ ಬಪ್ಪು ಹೊತ್ತಿಗೆ ಎಲ್ಲಾ ಮುಗ್ದಿತ್ತ್. ಅಮ್ಮ ಆ ದಡದಗೆ ನಿಂತ್ಕಂಡ್ ಕಣ್ಣೀರ್ ಸುರ್ಸ್ಕಂಡ್ ಇಡೀ ದಿನ ಮರ್ಕಿತ್ತ್.”

ಅಯ್ಯೋ ಎನಿಸಿತು. ಅವರ ಅಕ್ಕ ತೀರಿಕೊಂಡದ್ದು ಗೊತ್ತಿತ್ತು. ದೋಣಿಯ ವಿಷಯ ನಮಗೆ ಯಾರೂ ಹೇಳಿರಲಿಲ್ಲ.

“ಈಗ ರಸ್ತೆ ಇತ್ತಲೆ ಭಾವ, ಫೋನ್ ಇತ್ತಲೆ?” ಎಂದೆ.

“ಒಂದ್ ಗಾಳಿ ಬೀಸ್ರೆ ನಿನ್ ಫೋನ್ ಸಾಯತ್ತ್!”

ವಾಪಸು ಬರುವಾಗ ಭಾವ ಓಮ್ನಿ ಹತ್ತಲಿಲ್ಲ. ನೇರ ದೋಣಿಯ ಕಡೆ ನಡೆದರು. ಹಲಗೆಯನ್ನು ಗಟ್ಟಿಯಾಗಿ ಹಿಡಿದುಕೊಂಡು, ಆ ಕೆಂಪು ಚುಕ್ಕೆ ದೊಡ್ಡದಾಗುವುದನ್ನೇ ನೋಡುತ್ತ ಕೂತರು. ಕುಂದಾಪುರದ ದಡದಲ್ಲಿ ಇಳಿದ ಮೇಲೆ ಬಾಯಿಬಿಟ್ಟರು.

“ಸುಜಾತಂದ್ ಮದಿ ಆಯ್ಲಿ. ಆರೆ ಮಳ್ಗಾಲ್ದಗೆ ದಿನಾ ಬೆಳಿಗ್ಗೆ ಅದ್ ಅಲ್ಲಿ ಅಂಗ್ಳದಗೆ ಕೆಂಪು ಕಂಬ್ಳಿ ಒಂದ್ ಹಾಕ್ಕ್. ಹುಷಾರಿತ್ತ್ ಅಂದೇಳಿ ನಂಗೆ ಇಲ್ಲಿಂದ ಕಾಣ್ಕ್.”

“ಮಳಿಗೆ ಕಂಬ್ಳಿ ನೆಂದ್ ಚಂಡಿ ಆತ್ತಲೆ?” ಎಂದೆ.

“ಹಂಗಾರೆ ಟರ್ಪಾಲ್ ಹಾಕ್ಲಿ. ನೀಲಿ ಬ್ಯಾಡ, ಅದ್ ಎಲ್ಲಾ ಮನಿಯಗೂ ಇರತ್ತ್.”

ಮೇ ತಿಂಗಳಲ್ಲಿ ಮದುವೆ. ಅದರ ಬೆನ್ನಿಗೇ ಮಳೆ. ನಾನೋ ಬೈಂದೂರಿನಿಂದ ಬ್ರಹ್ಮಾವರದವರೆಗೆ ಒಂದಂಗಡಿ ಬಿಡದೆ ಅಲೆದಾಯಿತು, ಎಲ್ಲ ಕಡೆ ನೀಲಿಯೇ.

ಸ್ವಾಮಿ, ಕೆಂಪು ಟರ್ಪಾಲು ಎಲ್ಲಿ ಸಿಗುತ್ತದೆ, ನಿಮಗೇನಾದರೂ ಗೊತ್ತೇ?