ಯಾರೂ ಬಿಡಿಸದ ಹಿಡಿತ

೨೦೧೪ ಮಾರ್ಚ್ ೯, ಭಾನುವಾರ, ಸಂಜೆ ನಾಲ್ಕು ಹತ್ತಕ್ಕೆ ನವಿ ಮುಂಬಯಿಯ ರಬಾಳೆಯಲ್ಲಿ, ಜಿಮ್ಮಿನ ಶೆಡ್ಡಿನಲ್ಲಿ, ತಂಡದ ಆಯ್ಕೆಗಾಗಿ ನನ್ನ ಪಂದ್ಯ ಶುರುವಾಯಿತು. ಗೆದ್ದರೆ ಜಿಮ್ಮಿನ ತಂಡದಲ್ಲಿ ಜಾಗ. ಸೋತರೆ ಸಾನಪಾಡಾದಲ್ಲಿರುವ ಮಾವನ ಹೋಟೆಲಿನಲ್ಲಿ ಬೆಳಗಿನ ಪಾಳಿ. ತಂಡದ ಅಭ್ಯಾಸವೂ ಬೆಳಿಗ್ಗೆಯೇ, ಹಾಗಾಗಿ ಎರಡೂ ಒಟ್ಟಿಗೆ ಆಗುವಂತಿರಲಿಲ್ಲ.

ಠಾಣೆಯಲ್ಲಿ ಆರು ವರ್ಷ ಬಾಕ್ಸಿಂಗ್ ಕಲಿತು, ಗುದ್ದು, ಒದೆತ, ಕುಸ್ತಿ ಎಲ್ಲವೂ ನಡೆಯುವ ಎಂಎಂಎಗೆ ಬಂದಿದ್ದೆ. ಅಭ್ಯಾಸ ಮುಗಿಸಿ ದಿವಾದ ಮನೆಗೆ ಮರಳುವಾಗ, ಠಾಣೆಯ ಪ್ಲಾಟ್‌ಫಾರ್ಮಿನಲ್ಲಿ ಗಾಡಿ ಕಾಯುತ್ತ, ಯಾವ ಏಟು ತಗುಲಿತು, ಯಾವುದು ತಪ್ಪಿತು ಎಂದು ಬರೆದಿಡುತ್ತಿದ್ದೆ. ಎಡಗೈಯನ್ನು ನೇರ ಚಾಚಿ ಗುದ್ದುವ ಜ್ಯಾಬ್ ಇಲ್ಲೂ ನಡೆಯುತ್ತದೆ. ಎದುರಾಳಿಯನ್ನು ದೂರವಿಡಲು ಅದಕ್ಕಿಂತ ಒಳ್ಳೆಯದು ನನಗೆ ಸಿಕ್ಕಿಲ್ಲ. ತಲೆ ತಗ್ಗಿಸಿ ಏಟು ತಪ್ಪಿಸಿಕೊಳ್ಳಲು ಹೋದರೆ ಕೆಳಗೆ ಮೊಣಕಾಲು ಕಾದಿರುತ್ತದೆ. ಮುಂಗಾಲಿಗೆ ಭಾರ ಕೊಟ್ಟು ನಿಂತರೆ ಮೀನಖಂಡಕ್ಕೆ ಒದೆತ. ಇಷ್ಟನ್ನು ತಿದ್ದಿಕೊಂಡಿದ್ದೆ.

ಎದುರಾಳಿ ಕಲ್ಯಾಣದ ಕುಸ್ತಿಪಟು. ಮೊದಲ ಸುತ್ತಿನಲ್ಲಿ ಅವನು ಹತ್ತಿರ ಬಂದಾಗಲೆಲ್ಲ ಮೂಗಿಗೆ ಜ್ಯಾಬ್ ಬಿತ್ತು. ಎರಡನೆಯ ಸುತ್ತಿಗೆ ನನಗೆ ದಣಿವಾಯಿತು. ಅವನ ತೋಳುಗಳನ್ನು ಅಪ್ಪಿ ಹಿಡಿದು, ಗದ್ದವನ್ನು ಅವನ ಭುಜದ ಮೇಲಿಟ್ಟು ಉಸಿರು ತೆಗೆದುಕೊಂಡೆ. ಬಾಕ್ಸಿಂಗಿನಲ್ಲಿ ಹೀಗೆ ದಣಿವಾರಿಸಿಕೊಳ್ಳುತ್ತೇವೆ. ರೆಫ್ರಿ ‘ಬ್ರೇಕ್’ ಎಂದು ಇಬ್ಬರನ್ನೂ ಬಿಡಿಸುತ್ತಾನೆ. ನಾನು ಅದಕ್ಕೇ ಕಾದೆ.

ಎಂಎಂಎಯಲ್ಲಿ ಹಾಗೆ ಬಿಡಿಸುವುದಿಲ್ಲ ಎಂದು ನನಗೆ ಚೆನ್ನಾಗಿ ಗೊತ್ತಿತ್ತು. ಮೈಗೆ ಗೊತ್ತಿರಲಿಲ್ಲ. ಅವನು ನನ್ನ ಸೊಂಟ ಬಳಸಿ ಎತ್ತಿದ. ಶೆಡ್ಡಿನ ತಗಡು ಕಂಡಿತು, ಆಮೇಲೆ ಬೆನ್ನು ಮ್ಯಾಟಿಗೆ ಬಡಿಯಿತು. ಅವನ ಮುಂಗೈ ಕುತ್ತಿಗೆಯನ್ನು ಅದುಮಿದಾಗ ಮ್ಯಾಟ್ ತಟ್ಟಿ ಸೋಲೊಪ್ಪಿಕೊಂಡೆ.

“ಕ್ಯಾ ರೇ ಬಾಕ್ಸರ್, ಗಲೇ ಮಿಲ್‌ನೇ ಆಯಾ ಥಾ?” ಎಂದರು ಕೋಚ್. ಅಪ್ಪಿಕೊಳ್ಳಲು ಬಂದಿದ್ದೆಯಾ ಎಂಬ ಆ ಮಾತಿಗೆ ಕುಸ್ತಿಯವನೂ ನಕ್ಕ. ನಗುತ್ತಲೇ ಕೈ ಕೊಟ್ಟು ಎಬ್ಬಿಸಿದ.

ಅಲ್ಲಿಂದ ಹೋಟೆಲಿಗೆ ಹೋದೆ. ಮಾವ ಫಲಿತಾಂಶ ಕೇಳಲೇ ಇಲ್ಲ.

“ಎಂತ ಮಾರಾಯ, ಕುತ್ತಿಗೆ ಓರೆ ಆಗಿದೆ? ನಾಳೆ ಆರಕ್ಕೆ ಬಾ. ಗಿರಾಕಿಗಳ ಎದುರು ಈ ಮೋರೆ ಮಾಡ್ಬೇಡ, ಇಡ್ಲಿ ವಾಪಸ್ ಕೊಟ್ಟಾರು.”

“ಮಾವ, ಇನ್ನೊಂದು ಸಲ ನೋಡ್ತೇನೆ...”

“ನೋಡುದು ಎಂತದ್ದು? ನಿಂತಲ್ಲೇ ನಿದ್ದೆ ಮಾಡ್ತಾ ಇದ್ದಿ. ಮೊದ್ಲು ಊಟ ಮಾಡು.”

ಊಟ ಮಾಡಿದೆ. ಮರುದಿನ ಆರಕ್ಕೆ ಗಲ್ಲಾದಲ್ಲಿ ಕುಳಿತೆ.

ಅದಾಗಿ ಐದು ವರ್ಷ. ಲೋಕಲ್ ರೈಲಿನ ನೂಕಿನಲ್ಲಿ ಯಾರಾದರೂ ಎದೆಗೊತ್ತಿ ನಿಂತರೆ, ರೆಫ್ರಿ ಬಂದು ಬಿಡಿಸುತ್ತಾನೆ ಎಂಬಂತೆ ನನ್ನ ಭುಜಗಳು ಈಗಲೂ ತಾವಾಗಿ ಸಡಿಲಾಗುತ್ತವೆ. ಭಾನುವಾರ ಸಂಜೆ ಅದೇ ಶೆಡ್ಡಿನಲ್ಲಿ ಹೊಸಬರಿಗೆ ಜ್ಯಾಬ್ ಹೇಳಿಕೊಡುತ್ತೇನೆ. ಬಾಕ್ಸಿಂಗಿನಿಂದ ಬಂದವರು ದಣಿದಾಗ ನನ್ನಂತೆಯೇ ಅಪ್ಪಿ ನಿಂತು ಕಾಯುತ್ತಾರೆ. ಬೈದು ನೋಡಿದೆ, ಎತ್ತಿ ಹಾಕಿಸಿಯೂ ನೋಡಿದೆ. ಮುಂದಿನ ವಾರ ಮತ್ತೆ ಅದೇ. ಈ ಕಾಯುವಿಕೆಯನ್ನು ಮೈಯಿಂದ ಬಿಡಿಸಿಕೊಂಡವರು ಯಾರಾದರೂ ಇದ್ದರೆ, ಹೇಗೆ ಬಿಡಿಸಿಕೊಂಡಿರಿ ಎಂದು ದಯವಿಟ್ಟು ಬರೆಯಿರಿ.