ಎರವಲು ಹೋದ ಕಾರ್ಡು

ಗುಂಡ್ಲುಪೇಟೆಯಲ್ಲಿ ಬ್ಲೌಸ್ ಹೊಲಿದು ಬದುಕುವವಳಿಗೆ ಕ್ರೆಡಿಟ್ ಕಾರ್ಡ್ ಯಾಕೆ ಅಂತ ಮೊದಲು ಕೇಳಿದವರು ನನ್ನ ಗಂಡ. ತರಕಾರಿ ಲೋಡು ತುಂಬಿಕೊಂಡು ಕೇರಳಕ್ಕೆ ಹೋಗುವ ಗಾಡಿ ಅವರದು. ರಾತ್ರಿ ಬಂಡೀಪುರದ ಗೇಟು ಹಾಕುವುದರೊಳಗೆ ಕಾಡು ದಾಟಬೇಕು ಅನ್ನುವುದೊಂದೇ ಅವರ ತಲೆಯಲ್ಲಿರುತ್ತದೆ, ಉಳಿದದ್ದೆಲ್ಲ ಇಲ್ಲದ ಉಸಾಬರಿ. ಸಾಲ ಮಾಡುವುದಕ್ಕೆ ಪ್ಲಾಸ್ಟಿಕ್ಕು ಬೇರೆ ಬೇಕಾ ಅಂದರು. ಸಾಲ ತಪ್ಪಿಸಿಕೊಳ್ಳುವುದಕ್ಕೇ ಬೇಕು ಅಂದೆ. ಅವರಿಗೆ ಅರ್ಥವಾಗಲಿಲ್ಲ, ಅರ್ಥ ಮಾಡಿಸುವ ಗೋಜಿಗೆ ನಾನೂ ಹೋಗಲಿಲ್ಲ.

ನನ್ನ ಲೆಕ್ಕ ಸರಳವಾಗಿತ್ತು. ಲೈನಿಂಗ್ ಬಟ್ಟೆ, ದಾರ, ಹುಕ್ಕು, ಸೀರೆಯ ಫಾಲ್ಸು ಎಲ್ಲವನ್ನೂ ನಾನು ಚಾಮರಾಜನಗರದ ಹೋಲ್‌ಸೇಲ್ ಅಂಗಡಿಯೊಂದರಿಂದ ತರುತ್ತಿದ್ದೆ. ಗಿರಾಕಿಗಳು ದುಡ್ಡು ಕೊಡುವುದು ಬ್ಲೌಸು ಕೈಗೆ ಬಂದ ಮೇಲೆ, ಕೆಲವು ಮಹಾತಾಯಂದಿರು ಮದುವೆಯೇ ಮುಗಿದ ಮೇಲೆ. ಅಲ್ಲಿಯ ತನಕ ಉದ್ರಿ ಹೇಳಿದರೆ ಅಂಗಡಿಯವನು ಮೀಟರಿಗೆ ಇಷ್ಟು ಅಂತ ಏರಿಸಿ ಹಾಕುತ್ತಿದ್ದ. ಕಾರ್ಡಿನಲ್ಲಾದರೆ, ತಿಂಗಳ ಬಿಲ್ಲು ಬಂದ ಮಾರನೆಯ ದಿನ ಮಾಲು ತಂದರೆ, ಒಂದೂವರೆ ತಿಂಗಳ ಹತ್ತಿರ ಬಡ್ಡಿಯ ಮಾತಿಲ್ಲ. ಅಷ್ಟರೊಳಗೆ ಬ್ಲೌಸಿನ ದುಡ್ಡು ಬಂದಿರುತ್ತದೆ, ಬಿಲ್ಲನ್ನು ಪೂರ್ತಿ ಕಟ್ಟಿಬಿಡುವುದು.

ಆರಿಸುವಾಗಲೂ ನಾನು ಯಾಮಾರಲಿಲ್ಲ. ಬಸ್‌ಸ್ಟ್ಯಾಂಡಿನ ಎದುರು ಛತ್ರಿ ನೆಟ್ಟುಕೊಂಡು ಟೈ ಕಟ್ಟಿದವನೊಬ್ಬ ಕಾರ್ಡು ಮಾಡಿಸಿಕೊಡುತ್ತಿದ್ದ. ಮೊದಲ ವರ್ಷ ಫೀಸಿಲ್ಲ, ವಿಮಾನ ನಿಲ್ದಾಣದಲ್ಲಿ ಊಟ ಉಚಿತ ಅಂದ. ನಮ್ಮ ಬಸ್‌ಸ್ಟ್ಯಾಂಡಿನಲ್ಲಿ ಕೂರುವುದಕ್ಕೆ ಒಂದು ಬೆಂಚು ಉಚಿತವಾಗಿ ಸಿಕ್ಕಿದರೆ ಸಾಕಪ್ಪ, ಎರಡನೆಯ ವರ್ಷದ ಫೀಸು ಎಷ್ಟು ಹೇಳು ಅಂದೆ. ಅವನು ಇನ್ನೊಬ್ಬರ ಕಡೆ ತಿರುಗಿದ. ಸಂಬಳದ ಚೀಟಿ ಇಲ್ಲದ ನನ್ನಂಥವರಿಗೆ ಎಫ್‌ಡಿ ಇಟ್ಟರೆ ಅದರ ಮೇಲೆ ಕಾರ್ಡು ಕೊಡುತ್ತಾರೆ, ವರ್ಷದ ಫೀಸೂ ಇಲ್ಲ ಅಂತ ಬ್ಯಾಂಕಿನಲ್ಲಿ ಕೇಳಿ ತಿಳಿದುಕೊಂಡು ಅದನ್ನೇ ಮಾಡಿಸಿದೆ. ಬಿಲ್ಲು ಕಟ್ಟದಿದ್ದರೆ ಬ್ಯಾಂಕಿನವರು ಎಫ್‌ಡಿಯಿಂದಲೇ ಹಿಡಿದುಕೊಳ್ಳುತ್ತಾರೆ.

ಆ ಎಫ್‌ಡಿ ಒಂದೇ ಈ ಪ್ರಪಂಚದಲ್ಲಿ ನನ್ನ ಹೆಸರಿನಲ್ಲಿದ್ದದ್ದು. ಮನೆ ಗಂಡನ ಹೆಸರಿನಲ್ಲಿದೆ, ಗಾಡಿಯೂ ಅವರದೇ. ಗ್ಯಾಸಿನ ಪುಸ್ತಕದಲ್ಲಿ ಇವತ್ತಿಗೂ ಅತ್ತೆಯ ಹೆಸರಿದೆ. ಬ್ಲೌಸಿನ ದುಡ್ಡಿನಲ್ಲಿ ಉಳಿಸಿ ಕೂಡಿಟ್ಟ ಆ ಹಣ ಮಾರ್ಕೆಟ್ ಬೀದಿಯಲ್ಲಿ ಒಂದು ಮಳಿಗೆಯ ಅಡ್ವಾನ್ಸಿಗೆ ಅಂತ ಇತ್ತು. ಮನೆಯ ಪಡಸಾಲೆಯಲ್ಲಿ ಅಕ್ಕಿ ಮೂಟೆ, ಗಂಡನ ಗಾಡಿಯ ಹಗ್ಗ, ಅತ್ತೆಯ ಮಂಚದ ನಡುವೆ ಹೊಲಿದು ಹೊಲಿದು ನನಗೆ ಸಾಕಾಗಿತ್ತು. ನನ್ನದೇ ಒಂದು ಶಟರು ಎತ್ತಬೇಕು ಅನ್ನುವುದು ಬಿಟ್ಟರೆ ನನಗೆ ಬೇರೆ ಆಸೆ ಇರಲಿಲ್ಲ.

ಒಂದು ವರ್ಷ ಎಲ್ಲ ಚೆನ್ನಾಗಿ ನಡೆಯಿತು. ಎಟಿಎಮ್ಮಿನಲ್ಲಿ ಆ ಕಾರ್ಡು ಹಾಕಿ ಒಂದು ರೂಪಾಯಿ ತೆಗೆಯಲಿಲ್ಲ, ಒಂದು ತಿಂಗಳೂ ಬಿಲ್ಲಿನಲ್ಲಿ ಬಾಕಿ ಉಳಿಸಲಿಲ್ಲ. ಪಾಯಿಂಟು ಸೇರಿ ಒಂದು ಇಸ್ತ್ರಿ ಪೆಟ್ಟಿಗೆ ಬಂತು. ಅದನ್ನು ಬಂದವರಿಗೆಲ್ಲ ತೋರಿಸಿದ್ದು ನಾನೇ, ಆ ಜಂಬ ನನಗಿತ್ತು.

ಕುದೇರಿಗೆ ಕೊಟ್ಟಿದ್ದ ನನ್ನ ನಾದಿನಿಗೆ ಆಗ ಕೈ ಕೆಟ್ಟಿತ್ತು. ಸೋಪಿನ ನೀರು ತಾಕಿದರೆ ಬೆರಳ ಸಂದುಗಳು ಬಿರಿದು ರಕ್ತ ಬರುತ್ತಿತ್ತು. ನೀರಿನಲ್ಲಿ ಕೈ ಇಡಬೇಡಿ ಅಂತ ಡಾಕ್ಟರು ಹೇಳಿದ್ದರು. ಹಳ್ಳಿ ಮನೆಯಲ್ಲಿ ನೀರಿನಲ್ಲಿ ಕೈ ಇಡದೆ ಇರುವ ಹೆಂಗಸು ಯಾರಿದ್ದಾಳೆ? ಅವಳ ಗಂಡ ಮನೆ ಕಟ್ಟುವ ಕಡೆ ಸೆಂಟ್ರಿಂಗ್ ಕೆಲಸ ಕಾಂಟ್ರಾಕ್ಟು ಹಿಡಿಯುವವನು. ವಾಷಿಂಗ್ ಮಿಷನ್ ತಗೊಳ್ಳೋಣ ಅಂತಿದ್ದೀನಿ, ಗುಂಡ್ಲುಪೇಟೆ ಅಕ್ಕನ ಕಾರ್ಡಿನಲ್ಲಾದರೆ ಕಂತಿನಲ್ಲಿ ಕೊಡುತ್ತಾರೆ, ತಿಂಗಳು ತಿಂಗಳು ಕಳಿಸಿಬಿಡುತ್ತೇನೆ ಅಂತ ಅತ್ತೆಯ ಕಿವಿಗೆ ಹಾಕಿದ್ದ. ಅತ್ತೆ ಬಂದು ಕೇಳಿದಾಗ ನಾನು ಹೊಲಿಯುತ್ತಲೇ ಇದ್ದದ್ದು ನೋಡಿ ಅವರಿಗೆ ಸಿಟ್ಟು ಬಂತು.

"ಮದ್ವೆಗೆ ಅಂತ ಕೇಳುದ್ರೆ ಕತ್ತಲ್ಲಿರೋ ಎರಡೆಳೆ ಸರನೇ ಬಿಚ್ಚಿ ಕೊಡ್ತೀವಿ. ಇದೇನು, ಒಂದು ಕಿತ ಉಜ್ಜುದ್ರೆ ಸವದೋಗ್ತದಾ?"

ನಮ್ಮ ಕಡೆ ಒಡವೆ ಹೀಗೇ ಓಡಾಡುತ್ತದೆ. ಒಬ್ಬರ ಸರ ಇನ್ನೊಬ್ಬರ ಮದುವೆಯಲ್ಲಿ ಮೆರೆದು, ಹೋದ ಹಾಗೇ ಅರಿಸಿನದ ಬಟ್ಟೆಯಲ್ಲಿ ಸುತ್ತಿಕೊಂಡು ವಾಪಸು ಬರುತ್ತದೆ. ಕೊಡುವುದಿಲ್ಲ ಅಂದವಳ ಹೆಸರು ಬಸ್ಸು ಹತ್ತಿ ಬೇಗೂರಿನ ತನಕ ಹೋಗುತ್ತದೆ. ಅದೂ ಅಲ್ಲದೆ ನಾದಿನಿಯ ಆ ಕೈ ನಾನೇ ಕಣ್ಣಾರೆ ನೋಡಿದ್ದೆ. ಚಾಮರಾಜನಗರದ ಅಂಗಡಿಗೆ ಹೋಗಿ ಉಜ್ಜಿಸಿ ಕೊಟ್ಟೆ.

ಬಡ್ಡಿಯೇ ಇಲ್ಲದ ಕಂತು ಅಂದಿದ್ದರು. ಬಿಲ್ಲು ಬಂದಾಗ ಪ್ರೊಸೆಸಿಂಗ್ ಫೀಸು, ಅದರ ಮೇಲೆ ಜಿಎಸ್‌ಟಿ ಎಲ್ಲ ಇತ್ತು. ಅದಕ್ಕಿಂತ ತಲೆ ಕೆಟ್ಟದ್ದು ಲೈನಿಂಗ್ ಬಟ್ಟೆ ತರಲು ಹೋದಾಗ. ಕಂತು ತಿಂಗಳಿಗಿಷ್ಟು ಅಂತಿದ್ದರೂ ಮಿಷನ್ನಿನ ಪೂರ್ತಿ ಬೆಲೆಯನ್ನು ನನ್ನ ಲಿಮಿಟ್ಟಿನಿಂದ ಅವತ್ತೇ ಹಿಡಿದುಕೊಂಡಿದ್ದರು. ಉಳಿದಿದ್ದರಲ್ಲಿ ನಾಲ್ಕು ಥಾನು ಲೈನಿಂಗೂ ಬರಲಿಲ್ಲ. ಮತ್ತೆ ಅದೇ ಅಂಗಡಿಯವನ ಮುಂದೆ ಉದ್ರಿಗೆ ನಿಂತೆ.

ಎರಡು ಕಂತು ಬಂದವು, ಮೂರನೆಯದು ಬರಲಿಲ್ಲ. ಕೇಳಿ ಅಂತ ಗಂಡನಿಗೆ ಹೇಳಿದರೆ, ಮನೆಯ ಅಳಿಯನ ಹತ್ತಿರ ಬಾಯಿಬಿಟ್ಟು ದುಡ್ಡು ಕೇಳುವುದಾ, ಆಮೇಲೆ ತಂಗಿಯ ಮೇಲೆ ತೀರಿಸಿಕೊಂಡರೆ ಏನು ಮಾಡುತ್ತೀ ಅಂದರು. ಕಂತನ್ನು ನಾನೇ ಕಟ್ಟಿದೆ. ಅಷ್ಟರಲ್ಲಿ ಆಷಾಢ ಬಂತು. ಮದುವೆಯಿಲ್ಲ, ಗೃಹಪ್ರವೇಶವಿಲ್ಲ, ಬ್ಲೌಸೂ ಇಲ್ಲ. ಬಿಲ್ಲಿನಲ್ಲಿ ಕನಿಷ್ಠ ಇಷ್ಟು ಕಟ್ಟಿದರೆ ಸಾಕು ಅಂತ ಒಂದು ಸಣ್ಣ ಮೊತ್ತ ಇರುತ್ತದಲ್ಲ, ಅದನ್ನು ಕಟ್ಟಿದೆ. ಅದು ಮೋಸದ ಬಾಗಿಲು ಅಂತ ಗೊತ್ತಿದ್ದೂ ಕಟ್ಟಿದೆ, ಕೈಯಲ್ಲಿ ಇದ್ದದ್ದೇ ಅಷ್ಟು. ಮುಂದಿನ ತಿಂಗಳು ಉಳಿದ ಬಾಕಿಗೂ ಬಡ್ಡಿ, ಹೊಸದಾಗಿ ಕೊಂಡ ದಾರದುಂಡೆಗೂ ಕೊಂಡ ದಿನದಿಂದಲೇ ಬಡ್ಡಿ. ಆಮೇಲಿನ ತಿಂಗಳು ಆ ಸಣ್ಣ ಮೊತ್ತವೂ ಹುಟ್ಟಲಿಲ್ಲ. ಬಾಕಿಯನ್ನು ಎಫ್‌ಡಿಯಿಂದ ವಸೂಲು ಮಾಡಲಾಗುವುದು ಅಂತ ಬ್ಯಾಂಕಿನ ಮೆಸೇಜು ಬಂದ ದಿನ ನನಗೆ ಅನ್ನ ಸೇರಲಿಲ್ಲ.

ಯಾರಿಗೂ ಹೇಳದೆ ಕುದೇರಿಗೆ ಹೊರಟೆ. ಅಳಿಯನಾಗಲಿ ದೇವರಾಗಲಿ, ಇವತ್ತು ಕೇಳಿಯೇ ಬರುತ್ತೇನೆ ಅಂತ ಬಸ್ಸಿನಲ್ಲೆಲ್ಲ ಬೈಗುಳ ಹೊಂದಿಸಿಕೊಂಡೆ. ನಾದಿನಿಯ ಮನೆಯ ಮುಂಬಾಗಿಲು ತೆರೆದೇ ಇತ್ತು, ಒಳಗೆ ಯಾರೂ ಕಾಣಲಿಲ್ಲ. ಹಿತ್ತಲಿನಿಂದ ಸದ್ದು ಬರುತ್ತಿತ್ತು. ಹೋಗಿ ನೋಡಿದರೆ ಅವಳು ಕಲ್ಲಿನ ಮೇಲೆ ಗಂಡನ ಪ್ಯಾಂಟು ಕುಕ್ಕುತ್ತಿದ್ದಳು. ಎರಡೂ ಕೈಗೆ ಪ್ಲಾಸ್ಟಿಕ್ ಕವರು ಹಾಕಿಕೊಂಡು ಮಣಿಕಟ್ಟಿನ ಹತ್ತಿರ ರಬ್ಬರ್ ಬ್ಯಾಂಡ್ ಬಿಗಿದಿದ್ದಳು. ಒಂದು ಕವರು ಹರಿದು ಒಳಗೆ ನೊರೆ ತುಂಬಿತ್ತು.

ಮಿಷನ್ ಕೆಟ್ಟಿದೆಯಾ ಅಂತ ಕೇಳಿದೆ. ಅವಳು ನನ್ನ ಮುಖ ನೋಡಲಿಲ್ಲ.

"ತಂದ ವಾರಕ್ಕೇ ಮಾರ್ಬುಟ್ರು ಅತ್ಗೆ. ಡಬ್ಬ ಕೂಡ ಬಿಚ್ಚಿರ್ನಿಲ್ಲ. ಆಳ್ಗಳಿಗೆ ಕೂಲಿ ಕೊಡ್ಬೇಕಿತ್ತಂತೆ."

ಅರ್ಧ ಬೆಲೆಗೆ ಹೋಗಿತ್ತು. ಇಷ್ಟು ದಿನ ಯಾಕೆ ಹೇಳಲಿಲ್ಲ ಅಂತ ಅವಳ ಮೇಲೇ ರೇಗಿದೆ. ಅವಳು ಕವರು ಬಿಚ್ಚಿ ಒದ್ದೆ ಕೈಯಲ್ಲೇ ನನ್ನ ಕೈ ಹಿಡಿದುಕೊಂಡಳು. ಬೆರಳೆಲ್ಲ ಹಸಿ ಹುಣ್ಣು.

"ಅವ್ವಂಗೆ ಯೋಳ್ಬೇಡಿ. ಅಣ್ಣಂಗೂ ಬ್ಯಾಡಿ. ಅವ್ರು ಬಂದು ಜಗ್ಳ ಆಡಿ ಒಂಟೋಯ್ತಾರೆ, ಆಮೇಲೆ ಇಲ್ಲಿರೋಳು ನಾನೇ ಅಲ್ವಾ?"

ಅಷ್ಟರಲ್ಲಿ ಅವಳ ಗಂಡ ಬಂದ. ಅಕ್ಕ ಯಾವಾಗ ಬಂದ್ರಿ, ಊಟ ಆಯ್ತಾ, ಅಂತ ಬಾಯಿ ತುಂಬ ಮಾತಾಡಿಸಿದ. ಕುರ್ಚಿ ಒರೆಸಿ ಹಾಕಿದ, ಕಾಫಿ ಮಾಡು ಅಂತ ಅವಳಿಗೆ ಹೇಳಿದ. ಬರುವ ತಿಂಗಳು ಎಲ್ಲ ಕಂತನ್ನೂ ಒಟ್ಟಿಗೆ ಕಳಿಸುತ್ತೇನೆ ಅಂತ ನಾನು ಕೇಳುವ ಮೊದಲೇ ಅಂದ. ಬಸ್ಸಿನಲ್ಲಿ ಹೊಂದಿಸಿದ್ದ ಬೈಗುಳವೆಲ್ಲ ನಾಲಿಗೆಯ ತುದಿಯಲ್ಲಿತ್ತು. ಅಡುಗೆಮನೆಯ ಬಾಗಿಲಲ್ಲಿ ಲೋಟ ಹಿಡಿದು ನಿಂತವಳ ಮುಖ ನೋಡಿ, ಆಗಲಿ ಅಂದೆ. ಆ ಕಾಫಿಯನ್ನೂ ಕುಡಿದೆ. ನನ್ನ ಮೇಲೆ ನನಗೇ ಥೂ ಅನ್ನಿಸಿತು.

ಬ್ಯಾಂಕಿನವರು ಮುರಿಯುವ ಮೊದಲೇ ನಾನೇ ಹೋಗಿ ಎಫ್‌ಡಿ ಮುರಿಸಿದೆ. ಬಾಕಿ, ಬಡ್ಡಿ, ಉಳಿದ ಕಂತು, ಮೊದಲೇ ಮುಗಿಸಿದ್ದಕ್ಕೆ ದಂಡ ಎಲ್ಲ ಹೋಗಿ ಕೈಗೆ ಬಂದದ್ದು ಒಂದು ಹಳೆಯ ಹೊಲಿಗೆ ಮಿಷನ್ನಿಗೂ ಸಾಲದಷ್ಟು. ಕಾರ್ಡನ್ನೂ ಮುಚ್ಚಿಸಿದೆ. ಮಾರ್ಕೆಟ್ ಬೀದಿಯಲ್ಲಿ ನಾನು ಕಣ್ಣಿಟ್ಟಿದ್ದ ಮಳಿಗೆಗೆ ಮೊಬೈಲ್ ಅಂಗಡಿ ಬಂತು. ಕಾರ್ಡು ಕೆಟ್ಟದ್ದು ಅಂತ ನಾನು ಇವತ್ತೂ ಹೇಳುವುದಿಲ್ಲ, ನನ್ನ ಕೈಯಲ್ಲಿ ಇರುವ ತನಕ ಅದು ನನಗೆ ಲಾಭವನ್ನೇ ಮಾಡಿಕೊಟ್ಟಿತು. ಎಫ್‌ಡಿ ಮುರಿದು ಕಂತು ತೀರಿಸಿದೆ ಅಂತಷ್ಟೇ ಗಂಡನಿಗೆ ಹೇಳಿದೆ. ಹೋಗಲಿ ಬುಡು, ತಂಗಿಗೇ ತಾನೇ ಅಂದರು. ಅವರ ಮುಖಕ್ಕೆ ಕತ್ತರಿ ಎಸೆಯುವಷ್ಟು ಕೋಪ ಬಂದಿತ್ತು. ಅತ್ತೆಗೆ ನಾನು ಏನೂ ಹೇಳಲಿಲ್ಲ, ಗಂಡನೂ ಹೇಳಲಿಲ್ಲ.

ಮೊನ್ನೆ ಬೆಳಿಗ್ಗೆ ನಾನು ಬ್ಲೌಸಿನ ಹುಕ್ಕಿಗೆ ಕಾಜಾ ಹಾಕುತ್ತಾ ಕೂತಿದ್ದೆ. ಅತ್ತೆ ಮಂಚದ ಮೇಲಿಂದ ಮಗಳಿಗೆ ಫೋನು ಮಾಡಿದರು. ಕಿವಿ ಮಂದವಾದ್ದರಿಂದ ಅವರದು ಯಾವಾಗಲೂ ಸ್ಪೀಕರು. ಆ ಕಡೆಯಿಂದ ದಪ್ ದಪ್ ಅಂತ ಬಟ್ಟೆ ಕುಕ್ಕುವುದು ಕೇಳಿ, ಅದೇನಮ್ಮಿ ಸದ್ದು ಅಂದರು. ತಟ್ಟನೆ ಸದ್ದು ನಿಂತಿತು.

"ಪಕ್ಕದ ಮನೆಯೋರು ಒಗೀತಾವ್ರೆ ಕಣವ್ವ. ನಮ್ದು ಮಿಷನ್ನಲ್ಲಿ ತಿರುಗ್ತಾ ಅದೆ."

ಅತ್ತೆಯ ಮುಖ ಅರಳಿತು.

"ಪಾಪ, ಅವ್ರ್ಗೂ ಒಂದು ತಕೊಳ್ಳಕೆ ಯೋಳಮ್ಮಿ. ನಿಮ್ಮತ್ಗೆ ತಾವ ಕಾರ್ಡ್ ಅದಲ್ಲ, ಉಜ್ಜುಸ್ಕೊಡ್ತಾಳೆ."

ನಾನು ಮುಂದಿನ ಕಾಜಾಕ್ಕೆ ಸೂಜಿಗೆ ದಾರ ಪೋಣಿಸಿಕೊಂಡೆ. ಫೋನಿನಲ್ಲಿ ನಾದಿನಿ ಊಂ ಅಂದಳು.